ರಾತ್ರಿ ಎರಡರ ಸ್ಕ್ಯಾನ್, ಬೆಳಿಗ್ಗೆ ಹತ್ತರ ಹ್ಯಾಂಗ್: ಒಂದು ಮುದ್ರಣಾಲಯದ ಪ್ರಕರಣ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ತಂದೆಯ ಕಾಲದಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಪ್ರೆಸ್ಸು ಮಗನ ಕಾಲಕ್ಕೆ ಆಫ್‌ಸೆಟ್ ಆಗಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಇವೇ ಅಲ್ಲಿನ ಕಸುಬು. ಅಲ್ಲಿನ ಕಂಪ್ಯೂಟರ್‌ಗಳು ಹ್ಯಾಂಗ್ ಆಗುವುದೇಕೆಂದು ಹುಡುಕಲು ನಾನು ಹೋಗಿದ್ದೆ. ಊರಿನ ಹೆಸರಾಗಲಿ, ಅಲ್ಲಿದ್ದ ಆಂಟಿವೈರಸ್‌ಗಳ ಹೆಸರಾಗಲಿ ಇಲ್ಲಿ ಬೇಡ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ ಮತ್ತು ನಡುವೆ ನಾನು ಮಾಡಿದ ತಪ್ಪು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಅಲ್ಲಿದ್ದದ್ದು ನಾಲ್ಕು ಕಂಪ್ಯೂಟರ್, ನಾಲ್ಕಕ್ಕೂ ಅಡ್ಡಹೆಸರು. ಗಿರಾಕಿಗಳ ಪೆನ್‌ಡ್ರೈವ್ ಮತ್ತು ವಾಟ್ಸ್‌ಆ್ಯಪ್ ನೋಡಿಕೊಳ್ಳುವುದು ‘ಕೌಂಟರ್’. ಕನ್ನಡ ಟೈಪಿಂಗ್ ಎಲ್ಲ, ಟೈಪಿಸ್ಟ್ ಅಕ್ಕ ಕೂರುವ ‘ಅಕ್ಕನ ಸಿಸ್ಟಂ’ನಲ್ಲಿ. ಬಣ್ಣದ ಡಿಸೈನ್‌ಗೆ ‘ಕಲರ್’. ಮೂಲೆಯಲ್ಲಿದ್ದ ‘ದೊಡ್ಡದು’ ಹದಿನೆಂಟು ವರ್ಷಗಳ ಹಳೆಯ ಕೆಲಸವನ್ನೆಲ್ಲ ತನ್ನ ಡಿ ಡ್ರೈವ್‌ನಲ್ಲಿ ಇಟ್ಟುಕೊಂಡಿತ್ತು. ಉಳಿದ ಮೂರೂ ಅದನ್ನು ನೆಟ್‌ವರ್ಕ್ ಮೂಲಕ ಝಡ್ ಡ್ರೈವ್ ಎಂದು ಬಳಸುತ್ತಿದ್ದವು. ಎಲ್ಲದರಲ್ಲೂ ವಿಂಡೋಸ್ 10, 8 ಜಿಬಿ ರ‍್ಯಾಮ್, 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್.

ನನಗೆ ಕರೆ ಬಂದದ್ದು ಮಾಘದ ಲಗ್ನಗಳು ಶುರುವಾದ ಮೇಲೆ. ಧನುರ್ಮಾಸದಲ್ಲಿ ಖಾಲಿ ಕೂತಿದ್ದ ಪ್ರೆಸ್ಸು ಆಗ ಉಸಿರು ಬಿಡಲೂ ಪುರಸೊತ್ತಿಲ್ಲದೆ ಓಡುತ್ತಿರುತ್ತದೆ.

ದೂರುಗಳು ಮೂರು. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಒಂದೂವರೆ ಗಂಟೆ ಯಾವ ಸಿಸ್ಟಮ್ಮೂ ಮಾತು ಕೇಳುವುದಿಲ್ಲ. ಮೌಸ್ ಓಡುತ್ತದೆ, ಕ್ಲಿಕ್ ಮಾಡಿದ್ದು ಅರ್ಧ ನಿಮಿಷದ ಮೇಲೆ ನಡೆಯುತ್ತದೆ. ಉಳಿದ ಹೊತ್ತಿನಲ್ಲೂ ಫೈಲ್ ಸೇವ್ ಮಾಡಿದಾಗಲೆಲ್ಲ ಪರದೆ ಬೆಳ್ಳಗಾಗಿ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸೂಚನೆ. ಮೂರನೆಯದು ಅಕ್ಕನದೇ ದೂರು. ಒತ್ತಕ್ಷರ ಹೊಡೆದರೆ ಕೆಲವೊಮ್ಮೆ ಅರ್ಧ ಬೀಳುತ್ತದೆ, ಕೆಲವೊಮ್ಮೆ ಹಿಂದಿನ ಅಕ್ಷರವನ್ನೇ ತಿಂದುಹಾಕುತ್ತದೆ. ಪ್ರೂಫ್‌ನಲ್ಲಿ ಒಬ್ಬ ವಧುವಿನ ಹೆಸರೇ ಕೆಟ್ಟು, ಹುಡುಗಿಯ ಸೋದರಮಾವ ಬಂದು ಕೂಗಾಡಿ ಹೋಗಿದ್ದರಂತೆ.

ನನಗಿಂತ ಮುಂಚೆ ಇನ್ನೊಬ್ಬ ತಂತ್ರಜ್ಞ ಬಂದು ಹೋಗಿದ್ದರು. ಅವರು ‘ಕಲರ್’ಗೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕಿದ್ದರು. ಎರಡು ದಿನ ಅದು ಹೂವಿನಂತೆ ಓಡಿ, ಮೂರನೇ ದಿನಕ್ಕೆ ಮತ್ತೆ ಹಳೆಯ ಕಥೆ. “ಡಿ ಡ್ರೈವ್‌ನಿಂದ ವೈರಸ್ ವಾಪಸ್ ಬಂದಿದೆ” ಎಂದು ತೀರ್ಮಾನವಾಯಿತು. ಇದ್ದ ಆಂಟಿವೈರಸ್ ಸಾಲದು ಎಂದು ಮಾಲೀಕರ ಅಕ್ಕನ ಮಗ ಇನ್ನೊಂದನ್ನು ದುಡ್ಡು ಕೊಟ್ಟು ತಂದು ಹಾಕಿದ. ನಿಧಾನ ಇನ್ನೂ ಹೆಚ್ಚಿತು. ಹೆಚ್ಚಿದ್ದನ್ನು ಕಂಡು ವೈರಸ್ ಎಷ್ಟು ಬಲಶಾಲಿಯೆಂದು ಎಲ್ಲರಿಗೂ ಇನ್ನಷ್ಟು ಖಾತ್ರಿಯಾಯಿತು.

ಈ ಸುರುಳಿಯನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ಕಂಪ್ಯೂಟರ್ ನಿಧಾನವಾದರೆ ವೈರಸ್ಸೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ, ಔಷಧಿಯಿಂದ ಬಂದ ತಲೆಸುತ್ತಿಗೆ ಅದೇ ಔಷಧಿಯನ್ನು ಎರಡು ಪಟ್ಟು ಕೊಡುತ್ತೇವೆ.

ನೋಟ್‌ಬುಕ್ಕಿನ ಮೂರು ದಿನ

ಮೊದಲ ದಿನ ನಾನು ಏನನ್ನೂ ಬಿಚ್ಚಲಿಲ್ಲ. ಅಕ್ಕನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಹ್ಯಾಂಗ್ ಆದಾಗಲೆಲ್ಲ ಗೋಡೆ ಗಡಿಯಾರ ನೋಡಿ ಹೊತ್ತು ಬರೆಯಿರಿ ಎಂದೆ. ಮಾಲೀಕರಿಗೆ ಇದು ಸರಿಬರಲಿಲ್ಲ. ದುಡ್ಡು ಕೊಟ್ಟು ಕರೆಸಿದವನು ನೋಟ್‌ಬುಕ್ ಕೊಟ್ಟು ಹೋದರೆ ಯಾರಿಗೆ ತಾನೇ ಸರಿಬರುತ್ತದೆ. ಜತೆಗೆ ಒಂದು ಲಗ್ನಪತ್ರಿಕೆಯ ಫೈಲ್ ಆರಿಸಿ, ಅದು ತೆರೆಯಲು ಹಿಡಿಯುವ ಹೊತ್ತನ್ನು ಮೊಬೈಲ್‌ನಲ್ಲಿ ಅಳೆದಿಟ್ಟುಕೊಂಡೆ. ಬೆಳಿಗ್ಗೆ ಹತ್ತೂವರೆಗೆ 1 ನಿಮಿಷ 50 ಸೆಕೆಂಡ್, ಸಂಜೆ ನಾಲ್ಕಕ್ಕೆ 35 ಸೆಕೆಂಡ್. ಅದೇ ಫೈಲ್, ಅದೇ ಯಂತ್ರ. ಹಾರ್ಡ್ ಡಿಸ್ಕ್ ಸಾಯುತ್ತಿದ್ದರೆ ಅದು ಬೆಳಿಗ್ಗೆ ಸತ್ತು ಸಂಜೆ ಬದುಕುವುದಿಲ್ಲವಲ್ಲ.

ಮೂರು ದಿನದ ಮೇಲೆ ನೋಟ್‌ಬುಕ್ ನೋಡಿದೆ. ಎರಡು ದಿನ ಹತ್ತು ಗಂಟೆ ಐದು ನಿಮಿಷದಿಂದ ಹನ್ನೊಂದೂವರೆವರೆಗೆ ಸಾಲು ಸಾಲು ಹೊತ್ತು. ಮೂರನೇ ದಿನದ ಬೆಳಿಗ್ಗೆ ಖಾಲಿ. ಬರೆಯುವುದು ಮರೆತಿರಾ ಎಂದು ಕೇಳಿದರೆ ಅಕ್ಕ ಹೇಳಿದ್ದು: “ಇಲ್ಲ ಸರ್, ಅವತ್ತು ಬೆಳಿಗ್ಗೆ ಮಾತ್ರ ಚೆನ್ನಾಗಿತ್ತು. ಹಿಂದಿನ ರಾತ್ರಿ ಪೂರ್ತಿ ಕೂತು ಕೆಲಸ ಮಾಡಿದ್ವಲ್ಲ, ಆಗ ರಾತ್ರಿ ಎರಡು ಗಂಟೆಗೆ ಹ್ಯಾಂಗ್ ಆಗಿತ್ತು. ನೋಡಿ, ಮೇಲಿನ ಪುಟದಲ್ಲಿ ಬರೆದಿದೀನಿ.”

ಈ ಪ್ರಕರಣ ಬಿಚ್ಚಿಕೊಂಡದ್ದು ಆ ಮಾತಿನಿಂದ. ರಾತ್ರಿ ಎರಡು ಗಂಟೆ ಎಂದ ಕೂಡಲೇ ನನಗೆ ನೆನಪಾದದ್ದು ಆಂಟಿವೈರಸ್‌ಗಳ ನಿಗದಿತ ಸ್ಕ್ಯಾನ್, ಎಂದರೆ ಗೊತ್ತು ಮಾಡಿದ ಹೊತ್ತಿಗೆ ಡಿಸ್ಕಿನ ಫೈಲ್‌ಗಳನ್ನೆಲ್ಲ ತಪಾಸಣೆ ಮಾಡುವುದು. ಆ ಹೊತ್ತಿನಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಕಂಪ್ಯೂಟರ್ ಸುಮ್ಮನೆ ಉರಿಯುತ್ತಿರುತ್ತದೆ ಎಂಬ ಲೆಕ್ಕ ಹಾಕಿ ಇಟ್ಟ ಸಮಯ ಅದು. ನಮ್ಮ ಪ್ರೆಸ್ಸುಗಳಲ್ಲಿ, ಅಂಗಡಿಗಳಲ್ಲಿ ರಾತ್ರಿ ಬಾಗಿಲು ಎಳೆಯುವ ಮುಂಚೆ ಮೇನ್ ಸ್ವಿಚ್ಚನ್ನೇ ಆಫ್ ಮಾಡುತ್ತೇವೆ. ಹಾಗಾಗಿ ಎರಡರ ಸ್ಕ್ಯಾನ್ ಯಾವತ್ತೂ ನಡೆಯುವುದಿಲ್ಲ. ‘ತಪ್ಪಿಹೋದರೆ ಕಂಪ್ಯೂಟರ್ ಶುರುವಾದ ಕೂಡಲೇ ನಡೆಸು’ ಎಂಬ ಆಯ್ಕೆಗೆ ಗುರುತು ಬಿದ್ದಿದ್ದರೆ, ತಪ್ಪಿದ ಸ್ಕ್ಯಾನ್ ಮರುದಿನ ಬೆಳಿಗ್ಗೆ ಮೇನ್ ಹಾಕಿದ ಐದು ನಿಮಿಷಕ್ಕೆ ಎದ್ದು ಕೂರುತ್ತದೆ.

ಸೆಟ್ಟಿಂಗ್ ತೆರೆದು ನೋಡಿದರೆ ಗುರುತು ಇತ್ತು, ನಾಲ್ಕರಲ್ಲೂ. ಅದರ ಕೆಳಗೇ ಇನ್ನೊಂದು ಗುರುತು: ‘ನೆಟ್‌ವರ್ಕ್ ಡ್ರೈವ್‌ಗಳನ್ನೂ ಸೇರಿಸು’. ಎಂದರೆ ದಿನಾ ಹತ್ತು ಗಂಟೆಗೆ ‘ದೊಡ್ಡದು’ ತನ್ನ ಡಿ ಡ್ರೈವನ್ನು ತಾನು ಜಾಲಿಸುತ್ತಿತ್ತು, ಅದೇ ಹೊತ್ತಿಗೆ ಉಳಿದ ಮೂರೂ ಅದೇ ಡ್ರೈವನ್ನು ಝಡ್ ಎಂಬ ಹೆಸರಿನಲ್ಲಿ ಜಾಲಿಸುತ್ತಿದ್ದವು. ಒಂದು ಡಿಸ್ಕ್, ನಾಲ್ಕು ಕಡೆಯಿಂದ ತಪಾಸಣೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು; ಓದುವ ತಲೆ ಅತ್ತಿತ್ತ ಸರಿಯುವ ಹೊತ್ತನ್ನೂ ಸೇರಿಸಿದರೆ ಚದುರಿದ ಸಣ್ಣ ಫೈಲ್‌ಗಳನ್ನು ಸೆಕೆಂಡಿಗೆ ನೂರರ ಒಳಗೇ ಓದಬಲ್ಲದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪ್ರತಿಶತ ಎಂದು ಕೆಂಪಾಗಿದ್ದರೂ ಓದಿನ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮೀರದೆ ಇದ್ದದ್ದು ಇದಕ್ಕೇ. ಮದುವೆ ಊಟದಲ್ಲಿ ಬಡಿಸುವವನು ಒಬ್ಬನೇ, ನಾಲ್ಕು ಪಂಕ್ತಿಯವರೂ ಒಟ್ಟಿಗೆ ಕೂಗುತ್ತಾರೆ, ಒಬ್ಬರಿಗೆ ಉಪ್ಪು, ಒಬ್ಬರಿಗೆ ಸಾರು. ಅವನು ಓಡುತ್ತಲೇ ಇರುತ್ತಾನೆ, ಎಲೆಗೆ ಬೀಳುವುದು ಮಾತ್ರ ಸ್ವಲ್ಪ.

ಇನ್ನೂ ತಮಾಷೆ ಎಂದರೆ, ಹೀಗೆ ಜಾಲಿಸುತ್ತಿದ್ದ ಹಳೆಯ ಆಂಟಿವೈರಸ್‌ನ ಕೀ (ಲೈಸೆನ್ಸ್) ಮುಗಿದು ಐದು ತಿಂಗಳಾಗಿತ್ತು. ಐದು ತಿಂಗಳ ಹಿಂದಿನ ವೈರಸ್ ಪಟ್ಟಿ ಹಿಡಿದುಕೊಂಡೇ ಅದು ದಿನವೂ ಮನೆಮನೆ ತಪಾಸಣೆ ನಡೆಸುತ್ತಿತ್ತು.

ಪಟ್ಟಿಯಲ್ಲಿ ಕೂತಿದ್ದವರು

ಬೆಳಗಿನ ಹ್ಯಾಂಗ್ ಇದರಿಂದ ಅರ್ಥವಾಯಿತು. ಸೇವ್ ಮಾಡಿದಾಗ ಬೆಳ್ಳಗಾಗುವುದು ಮಾತ್ರ ಆಗಲಿಲ್ಲ. ಅದು ಸಂಜೆಯೂ ಇತ್ತು.

ಇಲ್ಲಿ ಹಲವರು ಎಡವುತ್ತಾರೆ. ಗಡಿಯಾರದ ಪಕ್ಕದ ಐಕಾನ್ ಮೇಲೆ ಬಲಗುಂಡಿ ಒತ್ತಿ ‘ರಕ್ಷಣೆ ನಿಲ್ಲಿಸು’ ಎಂದು ಕೊಟ್ಟು, ಆದರೂ ನಿಧಾನವಿದ್ದರೆ “ಆಂಟಿವೈರಸ್ ಕಾರಣ ಅಲ್ಲ” ಎಂದು ಬರೆದುಬಿಡುತ್ತಾರೆ. ನಿಲ್ಲಿಸುವುದೂ ತೆಗೆಯುವುದೂ ಒಂದಲ್ಲ. ನಾವು ಫೈಲ್ ತೆರೆಯಲು ಹೇಳಿದ ಮಾತು ನೇರ ಡಿಸ್ಕಿಗೆ ತಲುಪುವುದಿಲ್ಲ. ನಡುವೆ ಫಿಲ್ಟರ್ ಡ್ರೈವರ್‌ಗಳೆಂಬ ಚೆಕ್‌ಪೋಸ್ಟ್‌ಗಳಿವೆ, ಪ್ರತಿಯೊಂದಕ್ಕೂ ವಿಂಡೋಸ್‌ನಲ್ಲಿ ಸಾಲಿನಲ್ಲಿ ಅದರ ಜಾಗ ಹೇಳುವ ಒಂದು ಎತ್ತರದ ಸಂಖ್ಯೆ ಇದೆ. ಆಂಟಿವೈರಸ್‌ಗಳಿಗೆ ಮೀಸಲಾದ ಎತ್ತರ 320000ರಿಂದ 329998. ವಿಂಡೋಸ್‌ನದೇ ಆದ ಡಿಫೆಂಡರ್ ಕೂರುವುದು 328010ರಲ್ಲಿ. ಐಕಾನ್‌ನಲ್ಲಿ ರಕ್ಷಣೆ ನಿಲ್ಲಿಸಿದರೂ ಚೆಕ್‌ಪೋಸ್ಟಿನ ಕಟ್ಟಡ ಅಲ್ಲೇ ನಿಂತಿರುತ್ತದೆ. ವೆಬ್ ಕಾವಲು, ವರ್ತನೆಯ ಕಾವಲು ಎಂಬ ಬೇರೆ ಬೇರೆ ಅಂಗಗಳು ತಮ್ಮಷ್ಟಕ್ಕೆ ನಡೆಯುತ್ತಿರಲೂಬಹುದು.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಫ್‌ಎಲ್‌ಟಿಎಂಸಿ (fltmc) ಎಂಬ ಐದು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಯಾರ್ಯಾರು ಕೂತಿದ್ದಾರೆಂದು ಪಟ್ಟಿ ಬರುತ್ತದೆ. ‘ಅಕ್ಕನ ಸಿಸ್ಟಂ’ನ ಪಟ್ಟಿಯಲ್ಲಿ ಆ ಎತ್ತರದಲ್ಲಿ ಮೂರು ಅನ್ಯರು. ಒಂದು ಕೀ ಮುಗಿದದ್ದು, ಒಂದು ಹೊಸದಾಗಿ ಕೊಂಡದ್ದು, ಇನ್ನೊಂದು ಎರಡು ವರ್ಷದ ಹಿಂದೆ ಅನ್‌ಇನ್‌ಸ್ಟಾಲ್ ಮಾಡಿದೆವೆಂದು ಎಲ್ಲರೂ ನಂಬಿದ್ದದ್ದು.

ಎರಡು ಆಂಟಿವೈರಸ್ ಇದ್ದರೆ ಎರಡು ಪಟ್ಟು ಕೆಲಸ ಅಷ್ಟೇ ಎಂದು ಅಂದುಕೊಳ್ಳುವುದು ಸಹಜ. ನಡೆಯುವುದು ಅದಕ್ಕಿಂತ ಕೆಟ್ಟದ್ದು. ಮೊದಲನೆಯದು ಫೈಲ್ ಪರೀಕ್ಷಿಸಬೇಕಾದರೆ ತಾನೂ ಅದನ್ನು ತೆರೆಯಬೇಕು. ಆ ತೆರೆಯುವುದನ್ನೇ ಎರಡನೆಯದು ತಡೆದು ನಿಲ್ಲಿಸಿ ಪರೀಕ್ಷಿಸುತ್ತದೆ. ಒಬ್ಬರ ಕಾಗದಕ್ಕೆ ಇನ್ನೊಬ್ಬರ ಸಹಿ, ಅವರ ಸಹಿಗೆ ಇವರ ಮುದ್ರೆ. ಇದರಿಂದಲೇ ವಿಂಡೋಸ್ 10ರಲ್ಲಿ ಬೇರೆ ಆಂಟಿವೈರಸ್ ನೋಂದಣಿಯಾದರೆ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ. ಬೇರೆ ಕಂಪನಿಯವರಲ್ಲಿ ಒಬ್ಬರಿಗೊಬ್ಬರು ಹಾಗೆ ಜಾಗ ಬಿಡುವ ಮರ್ಯಾದೆ ಕಡಿಮೆ.

ಊಹೆ ಸರಿಯೇ ಎಂದು ನೋಡಲು ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿದೆ. ಅಲ್ಲಿ ಇಂಥ ಹೊರಗಿನ ಡ್ರೈವರ್‌ಗಳು ಸಾಮಾನ್ಯವಾಗಿ ಏಳುವುದಿಲ್ಲ. ಫೋಲ್ಡರ್‌ಗಳು ತಟ್ಟನೆ ತೆರೆದವು, 200 ಎಂಬಿ ಫೈಲ್ ಸರಾಗವಾಗಿ ನಕಲಾಯಿತು. ಆಗ ಆ ಫಾರ್ಮ್ಯಾಟ್ ಕಥೆ ಮತ್ತೆ ನೆನಪಾಯಿತು. ‘ಕಲರ್’ ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಕೆಟ್ಟದ್ದು ಹೇಗೆ? ಕೇಳಿದರೆ, ಆಂಟಿವೈರಸ್ ಹಾಕಿದ್ದೇ ಮೂರನೇ ದಿನ, ಮಾಲೀಕರ ಅಕ್ಕನ ಮಗ ಪೆನ್‌ಡ್ರೈವ್ ತಂದ ಮೇಲೆ. ಈ ಸುಳಿವು ನನಗೆ ಮೊದಲ ದಿನವೇ ಸಿಕ್ಕಿತ್ತು. ‘ವೈರಸ್ ವಾಪಸ್ ಬಂತು’ ಎಂಬ ಅವರ ಮಾತಿನ ಜತೆ ಬಂದದ್ದರಿಂದ ನಾನೂ ಅದನ್ನು ಹಾಗೇ ಕೇಳಿಸಿಕೊಂಡಿದ್ದೆ.

ಪೂರ್ತಿ ತೆಗೆದುಬಿಡಿ

ವಿಷಯ ತಿಳಿದ ಕೂಡಲೇ ಮಾಲೀಕರು ಹೇಳಿದ್ದು, “ಎಲ್ಲಾ ಕಿತ್ತುಹಾಕಿ. 2024ರಲ್ಲಿ ಏರ್‌ಪೋರ್ಟ್‌ಗಳೇ ನಿಂತುಹೋಗಿದ್ದು ಇಂಥದ್ದರಿಂದಲೇ ಅಲ್ವಾ?” ಅವರ ನೆನಪು ಸರಿಯಾಗಿಯೇ ಇತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದಿದ್ದವು, ನಮ್ಮ ದೇಶದಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಹಿಡಿದು ಜನ ವಿಮಾನ ಹತ್ತಿದ್ದರು. 2019ರ ಏಪ್ರಿಲ್ 9ರ ವಿಂಡೋಸ್ ಅಪ್‌ಡೇಟ್ ಕೆಲವು ಆಂಟಿವೈರಸ್‌ಗಳ ಜತೆ ಹೊಂದದೆ ವಿಂಡೋಸ್ 7, 8.1 ಯಂತ್ರಗಳು ಶುರುವಾಗುವಾಗಲೇ ಸೆಟೆದು ನಿಂತದ್ದೂ ಉಂಟು. ಇಂಥ ತಂತ್ರಾಂಶ ವ್ಯವಸ್ಥೆಯ ತಳದಲ್ಲೇ ಕೂತಿರುವುದರಿಂದ ಅದು ಎಡವಿದರೆ ಇಡೀ ಯಂತ್ರ ಎಡವುತ್ತದೆ.

ಆದರೂ ನಾನು ಒಪ್ಪಲಿಲ್ಲ. ಊರಿನ ಶಾಲೆ, ಸೊಸೈಟಿ, ಸ್ಟುಡಿಯೊ, ಎಲ್ಲರ ಪೆನ್‌ಡ್ರೈವ್ ಬಂದು ಹೋಗುವ ಜಾಗ ಪ್ರೆಸ್ಸು. ಊರಿಗೆ ಬಂದ ಸೋಂಕು ಮೊದಲು ಹೋಗುವುದು ಆಸ್ಪತ್ರೆಯ ಹೊರಗಿನ ಕಾಯುವ ಬೆಂಚಿಗೆ ಎನ್ನುವ ಹಾಗೆ. ಅಲ್ಲಿ ಕಾವಲೇ ಬೇಡ ಎಂದು ನಾನು ಹೇಳಲಾರೆ.

ಕೊನೆಗೆ ಆದ ಏರ್ಪಾಡು ಇದು: ‘ಕೌಂಟರ್’ನಲ್ಲಿ ಕೊಂಡ ಆಂಟಿವೈರಸ್ ಒಂದೇ, ಉಳಿದ ಮೂರರಲ್ಲಿ ಡಿಫೆಂಡರ್ ಮಾತ್ರ. ತಾಂತ್ರಿಕವಾಗಿ ನನಗೆ ನಾಲ್ಕರಲ್ಲೂ ಡಿಫೆಂಡರ್ ಇದ್ದರೆ ಸಾಕಿತ್ತು. ಆದರೆ ಎಂಟು ತಿಂಗಳ ಕೀ ಬಾಕಿ ಇತ್ತು, ದುಡ್ಡು ಕೊಟ್ಟವರಿಗೆ ಅದು ಎಲ್ಲಾದರೂ ಇರಬೇಕಿತ್ತು. ಇದನ್ನು ಸಂಧಾನ ಎನ್ನಿ.

ತೆಗೆಯುವುದೇ ಒಂದು ದಿನದ ಕೆಲಸವಾಯಿತು. ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪಟ್ಟಿ ತೆಗೆದರೆ ಹಳೆಯದರ ಫಿಲ್ಟರ್ ಇನ್ನೂ ಅಲ್ಲೇ. ಆಯಾ ಕಂಪನಿಯೇ ಕೊಡುವ ತೆಗೆಯುವ ಉಪಕರಣವನ್ನು ಸೇಫ್ ಮೋಡ್‌ನಲ್ಲಿ ಓಡಿಸಿದ ಮೇಲೆಯೇ ಅವು ಕಾಲು ಕಿತ್ತದ್ದು. ಪ್ರತಿ ಸಲವೂ ಪಟ್ಟಿ ನೋಡಿ ಖಾತ್ರಿ ಮಾಡಿಕೊಂಡೆ. ಮುಗಿದ ಮೇಲೆ ಆ ಲಗ್ನಪತ್ರಿಕೆ ಬೆಳಿಗ್ಗೆ ಹತ್ತೂವರೆಗೇ 14 ಸೆಕೆಂಡಿಗೆ ತೆರೆಯಿತು.

ಅಕ್ಕನ ಒತ್ತಕ್ಷರವೂ ಜತೆಯಲ್ಲೇ ಸರಿಹೋಯಿತು. ಹೊಸ ಆಂಟಿವೈರಸ್‌ನಲ್ಲಿ ಒತ್ತಿದ ಕೀಲಿಗಳನ್ನು ಕದಿಯದಂತೆ ಕಾಯುವ ಸೌಲಭ್ಯವೊಂದಿತ್ತು. ಹಳೆಯ ಫಾಂಟ್‌ಗಳಿಗೆ ಬರೆಯುವ ಕನ್ನಡ ಕೀಲಿಮಣೆ ತಂತ್ರಾಂಶ ಮಾಡುವುದೂ ಒಂದು ರೀತಿಯ ಅದೇ ಕೆಲಸ: ಒತ್ತಿದ ಕೀಲಿಯನ್ನು ನಡುವೆ ಹಿಡಿದು, ಮೊದಲು ಬಿದ್ದ ಅಕ್ಷರವನ್ನು ಅಳಿಸಿ, ಒತ್ತಕ್ಷರ ಸೇರಿದ ರೂಪವನ್ನು ಹಾಕುವುದು. ಕಾವಲುಗಾರ ನಡುವೆ ಕ್ಷಣ ತಡೆದರೂ ಅಳಿಸುವ ಸರದಿ ತಪ್ಪುತ್ತದೆ. ‘ಕೌಂಟರ್’ನಲ್ಲಿ ಆ ಒಂದು ಸೌಲಭ್ಯವನ್ನು ಮಾತ್ರ ಆಫ್ ಮಾಡಿದೆ.

ನಾನು ಕಟ್ಟಿದ ಕಣ್ಣು

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಝಡ್‌ಗೆ ದೊಡ್ಡ ಫೈಲ್ ಸೇವ್ ಮಾಡುವಾಗ ಇನ್ನೂ ಏಳೆಂಟು ಸೆಕೆಂಡ್ ತಡೆ ಇತ್ತು. ಲಗ್ನದ ಗಡಿಬಿಡಿ, ಅದೂ ಹೋಗಲಿ ಎಂದು ಒತ್ತಾಯ. ನಾನು ‘ದೊಡ್ಡದು’ ಯಂತ್ರದ ಡಿಫೆಂಡರ್‌ನಲ್ಲಿ ಇಡೀ ಡಿ ಡ್ರೈವನ್ನು ವಿನಾಯಿತಿ ಪಟ್ಟಿಗೆ ಸೇರಿಸಿದೆ. ತಡೆ ಹೋಯಿತು, ಎಲ್ಲರೂ ಖುಷಿ.

ಹದಿನಾರನೇ ದಿನ ಫೋನ್. ‘ದೊಡ್ಡದು’ ಯಂತ್ರಕ್ಕೆ ಯಾವ ಪೆನ್‌ಡ್ರೈವ್ ಹಾಕಿದರೂ ಡಿಫೆಂಡರ್ ಬೊಬ್ಬೆ ಹಾಕುತ್ತದೆ, ಅಳಿಸಿದರೆ ಮತ್ತೆ ಬರುತ್ತದೆ. ಗಿರಾಕಿಗಳ ಪೆನ್‌ಡ್ರೈವ್‌ಗಳೇ ಹಾಳು ಎಂದು ಅವರ ತೀರ್ಮಾನ. ಐದು ಬೇರೆ ಬೇರೆ ಜನರ ಪೆನ್‌ಡ್ರೈವ್‌ಗಳಲ್ಲಿ ಒಂದೇ ಹೆಸರಿನ ಫೈಲ್ ಸಿಕ್ಕರೆ ಸೋಂಕು ಪೆನ್‌ಡ್ರೈವ್‌ನಿಂದ ಬಂದದ್ದಲ್ಲ, ಪೆನ್‌ಡ್ರೈವಿಗೆ ಹೋಗುತ್ತಿರುವುದು. ರಾತ್ರಿ ಪಾಳಿಯ ಹುಡುಗ ಮೇಲ್‌ನಲ್ಲಿ ಬಂದ ಒಂದು ಝಿಪ್ ಫೈಲನ್ನು ನೇರ ಡಿ ಡ್ರೈವ್‌ಗೆ ಇಳಿಸಿ, ಅಲ್ಲೇ ಬಿಚ್ಚಿ, ಫೋಟೊದ ಚಿತ್ರ ಹೊತ್ತಿದ್ದ ಒಂದನ್ನು ಕ್ಲಿಕ್ ಮಾಡಿದ್ದ. ಡಿಫೆಂಡರ್‌ಗೆ ಅದು ಕಾಣಲೇ ಇಲ್ಲ, ಏಕೆಂದರೆ ಆ ಜಾಗವನ್ನು ನೋಡಬೇಡ ಎಂದು ಹೇಳಿದವನು ನಾನೇ. ಅದು ಪೆನ್‌ಡ್ರೈವ್‌ಗೆ ಕೈ ಚಾಚಿದಾಗ ಮಾತ್ರ ಸಿಕ್ಕಿಬೀಳುತ್ತಿತ್ತು.

ವಿನಾಯಿತಿ ತೆಗೆದು, ವಿಂಡೋಸ್ ಏಳುವ ಮುಂಚೆಯೇ ನಡೆಯುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆ. ಆಮೇಲೆ ಡಿ ಡ್ರೈವನ್ನು ಪೂರ್ತಿ ಜಾಲಿಸಿ ಶುಚಿ ಮಾಡಿದೆ. ಹಾನಿ ಆಗಲಿಲ್ಲ. ಬಿಲ್ ಹಾಕಲಿಲ್ಲ, ಹಾಕುವ ಮುಖವೂ ಇರಲಿಲ್ಲ.

ಎರಡನೇ ಸಲ, ಮೊದಲೇ ಮಾಡಬೇಕಿದ್ದದ್ದನ್ನು ಮಾಡಿದೆ: ತಡೆ ನಿಜಕ್ಕೂ ಎಲ್ಲಿದೆ ಎಂದು ರಿಸೋರ್ಸ್ ಮಾನಿಟರ್‌ನಲ್ಲಿ ಸೇವ್ ಹೊತ್ತಿನ ಫೈಲ್‌ಗಳನ್ನು ನೋಡಿದೆ. ಡಿಸೈನ್ ತಂತ್ರಾಂಶ ಕೆಲಸದ ನಡುವೆ ತಾತ್ಕಾಲಿಕ ಫೈಲ್‌ಗಳನ್ನು ಸೃಷ್ಟಿಸಿ ಅಳಿಸುತ್ತಲೇ ಇರುತ್ತದೆ, ಪ್ರತಿಯೊಂದಕ್ಕೂ ತಪಾಸಣೆ. ಆ ತಾತ್ಕಾಲಿಕ ಫೋಲ್ಡರ್ ಒಂದಕ್ಕೆ ಮಾತ್ರ ‘ಕಲರ್’ನಲ್ಲಿ ವಿನಾಯಿತಿ ಕೊಟ್ಟೆ. ಉಳಿದ ತಡೆ ಆಂಟಿವೈರಸ್‌ದೇ ಆಗಿರಲಿಲ್ಲ. ಮುಗಿಯದ ಕೆಲಸವನ್ನು ನೇರ ಝಡ್‌ನಲ್ಲೇ ತೆರೆದು ತಿದ್ದುವ ಅಭ್ಯಾಸದ್ದು. ಸ್ವಂತ ಡಿಸ್ಕಿನಲ್ಲಿ ಕೆಲಸ ಮಾಡಿ, ಸಂಜೆ ಝಡ್‌ಗೆ ನಕಲು ಮಾಡುವ ಪದ್ಧತಿ ಶುರುವಾಯಿತು. ಹೊರಗಿನಿಂದ ಬಂದದ್ದೆಲ್ಲ ‘ಒಳಬಂದದ್ದು’ ಎಂಬ ಒಂದೇ ಫೋಲ್ಡರ್‌ಗೆ, ಅದೂ ‘ಕೌಂಟರ್’ ಮೂಲಕವೇ. ನಿಗದಿತ ಸ್ಕ್ಯಾನ್ ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ, ಯಂತ್ರಕ್ಕೊಂದು ವಾರದಂತೆ ಸರದಿಯಲ್ಲಿ, ನೆಟ್‌ವರ್ಕ್ ಡ್ರೈವ್ ಬಿಟ್ಟು.

ಕಾವಲು ಎಲ್ಲೆಲ್ಲಿ ಎಚ್ಚರವಾಗಿದೆ ಎಂದು ಐಕಾರ್ ಪರೀಕ್ಷಾ ಫೈಲ್‌ನಿಂದ ನೋಡಿದೆ. ಅದು 68 ಅಕ್ಷರಗಳ ನಿರಪಾಯಕಾರಿ ಫೈಲ್, ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ ಎಂದೇ ಹಿಡಿಯಬೇಕೆಂದು ಒಪ್ಪಂದ. ‘ಒಳಬಂದದ್ದು’ ಫೋಲ್ಡರ್‌ನಲ್ಲಿ ಇಟ್ಟ ಕೂಡಲೇ ಹಿಡಿಯಿತು, ಡಿ ಡ್ರೈವ್‌ನಲ್ಲೂ ಹಿಡಿಯಿತು, ತಾತ್ಕಾಲಿಕ ಫೋಲ್ಡರ್‌ನಲ್ಲಿ ಮಾತ್ರ ಸುಮ್ಮನಿತ್ತು. ಮೊದಲ ಸಲವೇ ಈ ಎರಡು ನಿಮಿಷದ ಪರೀಕ್ಷೆ ಮಾಡಿದ್ದರೆ ಡಿ ಡ್ರೈವ್‌ನ ಮೌನ ನನ್ನ ಕಿವಿಗೆ ಬೀಳುತ್ತಿತ್ತು.

ವೈಶಾಖಕ್ಕೆ ‘ದೊಡ್ಡದು’ ಯಂತ್ರಕ್ಕೆ ಎಸ್‌ಎಸ್‌ಡಿ, ಎಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಬಂತು. ಮಾಲೀಕರು ಮೊದಲೇ ಅದನ್ನು ಕೊಳ್ಳುತ್ತೇವೆಂದಿದ್ದರು, ತಡೆದವನು ನಾನು. ಆಗಲೇ ಹಾಕಿದ್ದರೆ ಮೂರು ಆಂಟಿವೈರಸ್‌ಗಳ ಕಾದಾಟ ಅದರ ವೇಗದ ಕೆಳಗೆ ಮುಚ್ಚಿಹೋಗುತ್ತಿತ್ತು, ಅಕ್ಕನ ಒತ್ತಕ್ಷರ ಮಾತ್ರ ಕೆಡುತ್ತಲೇ ಇರುತ್ತಿತ್ತು.

ಆಷಾಢದಲ್ಲಿ ಕೆಲಸ ಕಡಿಮೆಯಿದ್ದಾಗ ಅಕ್ಕ ಫೋನ್ ಮಾಡಿದ್ದರು. ‘ಕಲರ್’ ಮತ್ತೆ ಮಂದವಾಗಿದೆ, ಆ ಐದಕ್ಷರ ಹೊಡೆದು ನೋಡಿದೆ, ಮೂರು ಲಕ್ಷ ಇಪ್ಪತ್ತು ಸಾವಿರದ ಸಾಲಿನಲ್ಲಿ ಹೊಸ ಹೆಸರೊಂದು ಕೂತಿದೆ ಎಂದರು. ಯಾರೋ ಬಿಟ್ಟಿ ಪಿಡಿಎಫ್ ಉಪಕರಣ ಇಳಿಸಿದ್ದರು, ಅದರ ಜತೆಗೆ ಒಂದು ಬಿಟ್ಟಿ ಆಂಟಿವೈರಸ್ಸೂ ಬಂದಿತ್ತು. ನಾನು ಹೋಗಬೇಕಾಗಲಿಲ್ಲ.